ಮಗುವಿನ ಬೆನ್ನಿನ ಬುಡದಲ್ಲಿ



ಹಸುಗೂಸಿಗೆ ಎಣ್ಣೆ ಹಚ್ಚಿ ನೀರು ಹಾಕುವ ಕೆಲಸ ನಮ್ಮ ಮನೆಗಳಲ್ಲಿ ಇನ್ನೂ ಹಿರಿಯ ಹೆಂಗಸರ ಕೈಯಲ್ಲೇ ಇದೆ. ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಬೋರಲು ಹಾಕಿಕೊಂಡು ಬೆನ್ನು ತಿಕ್ಕುವಾಗ ಅಜ್ಜಿಯ ಕಣ್ಣಿಗೆ ಬೀಳುವ ಎಷ್ಟೋ ಸಂಗತಿಗಳು ವೈದ್ಯರ ಕಣ್ಣಿಗೆ ಬಿದ್ದಿರುವುದಿಲ್ಲ. ಕುಂಡೆಯ ಸೀಳಿಗಿಂತ ಮೇಲೆ ಒಂದು ಗುಳಿ, ಒಂದು ಕುಚ್ಚು ಕೂದಲು, ಮೆತ್ತಗಿನ ಗಂಟು, ಕೆಂಪು ಮಚ್ಚೆ. ಹುಟ್ಟಿನಿಂದ ಬಂದದ್ದು, ಏನಾಗುತ್ತೆ ಎಂದು ಸುಮ್ಮನಾಗುವವರೇ ಹೆಚ್ಚು. ಬಹುಪಾಲು ಮಕ್ಕಳಿಗೆ ಏನೂ ಆಗುವುದೂ ಇಲ್ಲ. ಆದರೆ ಕೆಲವೇ ಕೆಲವು ಮಕ್ಕಳಲ್ಲಿ ಆ ಗುರುತಿನ ಕೆಳಗೆ ಬೆನ್ನುಮೂಳೆ ಪೂರ್ತಿ ಕೂಡಿಕೊಂಡಿರುವುದಿಲ್ಲ, ಬೆನ್ನುಹುರಿ ಇರಬೇಕಾದ ಜಾಗದಲ್ಲಿ ಇರುವುದಿಲ್ಲ.

ಮಕ್ಕಳ ಎಕ್ಸ್‌ರೇ, ಸ್ಕ್ಯಾನ್‌ಗಳನ್ನು ನೋಡಿ ವರದಿ ಬರೆಯುವುದು ನನ್ನ ಕೆಲಸ. ಬೆನ್ನುಮೂಳೆಯ ಕೆಳತುದಿಯಲ್ಲಿ, ಸೊಂಟದ ಗೂಡಿನಲ್ಲಿ ಹುಟ್ಟಿನಿಂದಲೇ ಇರುವ ಅಪರೂಪದ ದೋಷಗಳ ಬಗ್ಗೆ ಈ ಹೊತ್ತು ಮಾತಾಡುತ್ತೇನೆ. ಅಪರೂಪದ್ದನ್ನು ಊರಿಗೆಲ್ಲ ಯಾಕೆ ಹೇಳಬೇಕು ಎಂದು ನೀವು ಕೇಳಬಹುದು. ಈ ದೋಷಗಳಲ್ಲಿ ಸರಿಯಾದ ಚಿತ್ರ ಸರಿಯಾದ ಹೊತ್ತಿಗೆ ಸಿಕ್ಕರೆ ಮಗುವಿನ ನಡಿಗೆ, ಮಲಮೂತ್ರದ ಹಿಡಿತ, ಕೆಲವೊಮ್ಮೆ ಜೀವವೇ ಉಳಿಯುತ್ತದೆ. ಆ ಹೊತ್ತು ಬೇಗ ಕಳೆದುಹೋಗುತ್ತದೆ. ಅದಕ್ಕೇ ಹೇಳುತ್ತಿದ್ದೇನೆ.

ಮೊದಲು ಆ ಜಾಗದ ಪರಿಚಯ ಮಾಡಿಕೊಳ್ಳೋಣ. ಸೊಂಟದ ಕೆಳಗೆ ಬೆನ್ನುಮೂಳೆಯ ಐದು ತುಂಡುಗಳು, ಅಂದರೆ ಕಶೇರುಗಳು, ಒಂದಕ್ಕೊಂದು ಬೆಸೆದುಕೊಂಡು ತ್ರಿಕಾಸ್ಥಿ ಎಂಬ ಮೂಳೆಯಾಗುತ್ತವೆ. ಅದರ ತುದಿಗೆ ಪುಟ್ಟದೊಂದು ಬಾಲದ ಮೂಳೆ. ತ್ರಿಕಾಸ್ಥಿಯ ಎರಡೂ ಪಕ್ಕದ ತೂತುಗಳಿಂದ ಹೊರಬರುವ ನರಗಳು ಮಲ, ಮೂತ್ರ ಹಿಡಿದಿಟ್ಟುಕೊಳ್ಳುವ ಶಕ್ತಿ ಕೊಡುತ್ತವೆ, ಪಾದದ ಸ್ನಾಯುಗಳನ್ನೂ ಆಡಿಸುತ್ತವೆ. ಮೂಳೆಯ ಮುಂದೆ ಮಲಾಶಯ, ಅದರ ಮುಂದೆ ಹೆಣ್ಣುಮಗುವಾದರೆ ಗರ್ಭಕೋಶ, ಆಮೇಲೆ ಮೂತ್ರಕೋಶ. ಇವೆಲ್ಲ ಭ್ರೂಣದಲ್ಲಿ ಅಕ್ಕಪಕ್ಕದಲ್ಲೇ, ಹೆಚ್ಚುಕಡಿಮೆ ಒಂದೇ ಕಾಲಕ್ಕೆ ರೂಪ ಪಡೆಯುತ್ತವೆ. ಹಾಗಾಗಿ ಒಂದು ಕೆಟ್ಟಿದ್ದರೆ ಪಕ್ಕದ್ದನ್ನೂ ನೋಡಲೇಬೇಕು. ಗುದದ್ವಾರವಿಲ್ಲದೆ ಹುಟ್ಟಿದ ಮಗುವಿಗೆ ಶಸ್ತ್ರವೈದ್ಯರು ಬೆನ್ನುಹುರಿ, ಮೂತ್ರಪಿಂಡ, ಹೃದಯ ಎಲ್ಲದರ ಸ್ಕ್ಯಾನ್ ಬರೆದುಕೊಟ್ಟರೆ, ಇಷ್ಟೆಲ್ಲ ಯಾಕೆ ಎಂದು ಮನೆಯವರು ಗಾಬರಿಯಾಗುತ್ತಾರೆ. ಕಾರಣ ಇದೇ.

ಬೆನ್ನುಹುರಿಯ ವಿಷಯ ಇನ್ನೂ ಸೂಕ್ಷ್ಮ. ಗರ್ಭದ ಮೂರನೇ ತಿಂಗಳಲ್ಲಿ ಹುರಿಯೂ ಮೂಳೆಯ ಕೊಳವೆಯೂ ಒಂದೇ ಉದ್ದ ಇರುತ್ತವೆ. ಆಮೇಲೆ ಮೂಳೆ ಬೇಗ ಬೇಗ ಉದ್ದವಾಗುತ್ತದೆ, ಹುರಿ ಹಿಂದುಳಿಯುತ್ತದೆ. ಮಗು ಹುಟ್ಟುವ ಹೊತ್ತಿಗೆ ಹುರಿಯ ತುದಿ ಸೊಂಟದ ಎರಡನೆಯ ಕಶೇರುವಿನ ಮಟ್ಟಕ್ಕೋ ಅದಕ್ಕಿಂತ ಮೇಲಕ್ಕೋ ಬಂದು ನಿಂತಿರುತ್ತದೆ. ಕೆಲವು ಮಕ್ಕಳಲ್ಲಿ ಕೊಬ್ಬಿನ ಗಂಟೋ ದಪ್ಪನೆಯ ಎಳೆಯೋ ಹುರಿಯ ತುದಿಯನ್ನು ಕೆಳಗೇ ಕಟ್ಟಿಹಾಕಿರುತ್ತದೆ. ಮಗು ಬೆಳೆದಂತೆ ಹುರಿ ಎಳೆಯಲ್ಪಡುತ್ತದೆ, ಅದಕ್ಕೆ ರಕ್ತ ಸಾಲದಾಗುತ್ತದೆ. ಮೂರು ವರ್ಷಕ್ಕೆ ಚೆನ್ನಾಗಿ ಓಡುತ್ತಿದ್ದ ಮಗು ಏಳು ವರ್ಷಕ್ಕೆ ಎಡವಲು ಶುರುಮಾಡುತ್ತದೆ. ಒಂದು ಪಾದ ಇನ್ನೊಂದಕ್ಕಿಂತ ಚಿಕ್ಕದಾಗುತ್ತದೆ, ಒಳಕ್ಕೆ ತಿರುಗುತ್ತದೆ. ನಿಂತುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗುತ್ತದೆ. ಬೆನ್ನು ಪಕ್ಕಕ್ಕೆ ವಾಲುತ್ತದೆ. ಇಂಥ ಮಕ್ಕಳನ್ನು ಸೋಮಾರಿ, ಹಟಮಾರಿ ಎಂದು ಬೈದು ಕೂರಿಸಿದ್ದನ್ನು ನೋಡಿದ್ದೇನೆ. ಒಮ್ಮೆ ಕಳೆದ ನರದ ಶಕ್ತಿ ಶಸ್ತ್ರಚಿಕಿತ್ಸೆಯಿಂದ ಎಲ್ಲ ಸಲವೂ ಪೂರ್ತಿ ಮರಳುವುದಿಲ್ಲ.

ಇದನ್ನು ಮೊದಲೇ ಕಂಡುಹಿಡಿಯುವುದು ಹೇಗೆ? ಹುಟ್ಟಿದ ಮೊದಲ ಮೂರು ತಿಂಗಳಲ್ಲಿ ಮಾಡಬಹುದಾದ ಅತ್ಯಂತ ಸುಲಭದ ಪರೀಕ್ಷೆ ಅಲ್ಟ್ರಾಸೌಂಡ್. ಬಸುರಿಯರಿಗೆ ಮಾಡುವ ಅದೇ ಸ್ಕ್ಯಾನಿಂಗ್. ದೊಡ್ಡವರ ಬೆನ್ನುಮೂಳೆಯನ್ನು ದಾಟಿ ಶಬ್ದದ ಅಲೆ ಒಳಗೆ ಹೋಗಲಾರದು. ಹಸುಗೂಸಿನಲ್ಲಿ ಕಶೇರುವಿನ ಹಿಂಭಾಗ ಇನ್ನೂ ಮೆತ್ತನೆಯ ಮೃದ್ವಸ್ಥಿ, ಆದ್ದರಿಂದ ಒಳಗಿನ ಹುರಿಯವರೆಗೂ ಕಾಣುತ್ತದೆ. ನಾಲ್ಕು, ಐದು ತಿಂಗಳು ಕಳೆಯುತ್ತಾ ಅದು ಗಟ್ಟಿ ಮೂಳೆಯಾಗಿ ನೋಟಕ್ಕೆ ಅಡ್ಡ ಬರುತ್ತದೆ. ಆಮೇಲೆ ಎಂಆರ್‌ಐ ಒಂದೇ ದಾರಿ.

ಸ್ಕ್ಯಾನಿಂಗ್ ನಡೆಯುವ ಬಗೆ ಹೀಗೆ. ಮಗುವಿಗೆ ಹಾಲು ಕುಡಿಸಿ, ಹೊಟ್ಟೆಯ ಕೆಳಗೆ ಸಣ್ಣ ದಿಂಬಿಟ್ಟು ಬೋರಲು ಮಲಗಿಸುತ್ತೇವೆ, ಇಲ್ಲವೇ ತಾಯಿಯ ಎದೆಗೆ ಒರಗಿಸುತ್ತೇವೆ. ಬೆನ್ನಿನ ಬಾಗು ಹಿಂದಕ್ಕೆ ಬಂದಾಗ ಕಶೇರುಗಳ ನಡುವೆ ಇನ್ನಷ್ಟು ಎಡೆ ಸಿಗುತ್ತದೆ. ಬೆಚ್ಚಗಿನ ಜೆಲ್ ಹಚ್ಚಿ, ಪುಟ್ಟ ಸಾಧನವನ್ನು ಬೆನ್ನಿನ ಮೇಲೆ ಮೇಲಿನಿಂದ ಕೆಳಕ್ಕೆ ಸರಿಸುತ್ತೇವೆ. ಪರದೆಯಲ್ಲಿ ಕಪ್ಪು ದ್ರವದ ನಡುವೆ ಬೂದು ಬಣ್ಣದ ಹುರಿ ಕಾಣುತ್ತದೆ, ಅದರ ತುದಿ ಚೂಪಾಗುತ್ತಾ ಹೋಗುತ್ತದೆ. ಅಲ್ಲಿಂದ ಕೆಳಕ್ಕೆ ನರಗಳ ಸಣ್ಣ ಸಣ್ಣ ಎಳೆಗಳು. ನಾವು ಕಶೇರುಗಳನ್ನು ಎಣಿಸಿ ತುದಿ ಎಲ್ಲಿ ನಿಂತಿದೆ ಎಂದು ನೋಡುತ್ತೇವೆ. ಅಷ್ಟೇ ಮುಖ್ಯವಾದ ಇನ್ನೊಂದು ಸಂಗತಿ, ಅದು ಅಲುಗಾಡುತ್ತದೆಯೇ ಎಂಬುದು. ಆರೋಗ್ಯವಂತ ಮಗುವಿನಲ್ಲಿ ಹುರಿಯೂ ನರದ ಎಳೆಗಳೂ ಹೃದಯದ ಬಡಿತಕ್ಕೆ, ಉಸಿರಿಗೆ ತಕ್ಕಂತೆ ದ್ರವದಲ್ಲಿ ತೂಗಾಡುತ್ತವೆ. ಕಟ್ಟಿಹಾಕಿದ ಹುರಿಯಲ್ಲಿ ಆ ಚಲನೆ ಕುಗ್ಗಿರುತ್ತದೆ, ಇಲ್ಲವೇ ಇರುವುದೇ ಇಲ್ಲ. ಇಡೀ ಪರೀಕ್ಷೆಗೆ ಸೂಜಿ ಇಲ್ಲ, ವಿಕಿರಣ ಇಲ್ಲ, ಮಂಪರು ಬರಿಸುವ ಔಷಧಿ ಇಲ್ಲ. ಮಗು ನಿದ್ದೆಯಲ್ಲಿದ್ದರೆ ಎಚ್ಚರವೂ ಆಗುವುದಿಲ್ಲ.

ಹಾಗೆಂದು ಗುಳಿ ಇರುವ ಮಕ್ಕಳಿಗೆಲ್ಲ ಸ್ಕ್ಯಾನ್ ಬೇಕಿಲ್ಲ. ಗುಳಿ ನಟ್ಟನಡುವೆ ಇದ್ದು, ಅಗಲ ಅರ್ಧ ಸೆಂಟಿಮೀಟರಿಗಿಂತ ಕಡಿಮೆಯಿದ್ದು, ಗುದದ್ವಾರದಿಂದ ಎರಡೂವರೆ ಸೆಂಟಿಮೀಟರಿನ ಒಳಗಿದ್ದು, ಸುತ್ತ ಬೇರೆ ಯಾವ ಗುರುತೂ ಇಲ್ಲದಿದ್ದರೆ ಅದು ಸಾದಾ ಗುಳಿ. ಅಂಥದ್ದಕ್ಕೆ ಹೆದರಬೇಡಿ, ದುಡ್ಡನ್ನೂ ಕಳೆಯಬೇಡಿ. ಗುಳಿ ಅದಕ್ಕಿಂತ ಮೇಲಿದ್ದರೆ, ಅಗಲವಾಗಿದ್ದರೆ, ಒಂದಕ್ಕಿಂತ ಹೆಚ್ಚಿದ್ದರೆ, ಕೂದಲ ಕುಚ್ಚು, ಗಂಟು, ಕೆಂಪು ಮಚ್ಚೆ, ಬಾಲದಂಥ ಚರ್ಮ ಜೊತೆಗಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ಕುಂಡೆಯ ಸೀಳು ಒಂದು ಪಕ್ಕಕ್ಕೆ ಸೊಟ್ಟಗಿದ್ದರೂ ತೋರಿಸಿ. ಇನ್ನೊಂದು ಎಚ್ಚರ. ಗುಳಿಯ ಆಳ ನೋಡಲು ಕಡ್ಡಿ ಹಾಕಬೇಡಿ, ಒಳಗೆ ಎಣ್ಣೆ, ಅರಿಸಿನ ತುಂಬಬೇಡಿ. ಕೆಲವು ಗುಳಿಗಳಿಂದ ಸಣ್ಣದೊಂದು ದಾರಿ ನೇರ ಬೆನ್ನುಹುರಿಯ ಪೊರೆಯವರೆಗೂ ಹೋಗಿರುತ್ತದೆ. ಅದರ ಮೂಲಕ ಸೋಂಕು ಒಳಸೇರಿದರೆ ಮೆನಿಂಜೈಟಿಸ್, ಅಂದರೆ ಮಿದುಳುಪೊರೆಯ ಉರಿಯೂತ ಬರುತ್ತದೆ.

ಈಗ ಬೆನ್ನಿನ ಮೇಲೆ ಯಾವ ಗುರುತೂ ಇಲ್ಲದ ಒಂದು ದೋಷದ ಬಗ್ಗೆ ಹೇಳುತ್ತೇನೆ. ಅಮೆರಿಕದ ಡಲ್ಲಾಸ್ ನಗರದಲ್ಲಿ ಮಕ್ಕಳ ಎಕ್ಸ್‌ರೇ ತಜ್ಞರಾಗಿದ್ದ ಗೀಡೋ ಕುರಾರೀನೋ ಅವರು 1981ರಲ್ಲಿ ತಮ್ಮ ಇಬ್ಬರು ಸಂಗಡಿಗರ ಜೊತೆ ಒಂದು ಲೇಖನ ಬರೆದರು. ಮೂರು ತೊಂದರೆಗಳು ಒಟ್ಟಿಗೆ ಬರುತ್ತವೆ ಎಂದು ಅದರಲ್ಲಿ ತೋರಿಸಿಕೊಟ್ಟರು. ಗುದದ್ವಾರ ಕಿರಿದಾಗಿರುವುದು ಅಥವಾ ಇಲ್ಲದಿರುವುದು ಒಂದು. ತ್ರಿಕಾಸ್ಥಿಯ ಒಂದು ಭಾಗ ಬೆಳೆಯದಿರುವುದು ಎರಡನೆಯದು. ಆ ಮೂಳೆಯ ಮುಂದೆ, ಮಲಾಶಯದ ಹಿಂದೆ ಒಂದು ಗಡ್ಡೆ ಇರುವುದು ಮೂರನೆಯದು. ಈಗ ಅದಕ್ಕೆ ಅವರದೇ ಹೆಸರು. 1998ರಲ್ಲಿ ಇದರ ಮೂಲ ಏಳನೆಯ ವರ್ಣತಂತುವಿನ ತುದಿಯ ಹತ್ತಿರದ ಒಂದು ವಂಶವಾಹಿಯಲ್ಲಿದೆ ಎಂದು ಗೊತ್ತಾಯಿತು. ತಂದೆ ಅಥವಾ ತಾಯಿ ಯಾರೊಬ್ಬರಲ್ಲಿ ಅದು ಬದಲಾಗಿದ್ದರೂ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಒಂದೇ ಮನೆಯಲ್ಲಿ ಒಬ್ಬರಿಗೆ ಮೂರೂ ತೊಂದರೆ ಇರಬಹುದು, ಇನ್ನೊಬ್ಬರಿಗೆ ಮೂಳೆಯಲ್ಲಿ ಸಣ್ಣ ಕೊರತೆ ಮಾತ್ರ ಇದ್ದು ಜನ್ಮವಿಡೀ ಗೊತ್ತೇ ಆಗದಿರಬಹುದು.

ಇಂಥ ಮಕ್ಕಳು ಆಸ್ಪತ್ರೆಗೆ ಬರುವುದು ಮಲಬದ್ಧತೆಯಿಂದ. ಹಾಲು ಕುಡಿಯುವ ದಿನಗಳಿಂದಲೇ ಶುರುವಾದ ಮಲಬದ್ಧತೆ, ಯಾವ ಔಷಧಿಗೂ ಬಗ್ಗುವುದಿಲ್ಲ. ವಾರಕ್ಕೊಂದು ಎನಿಮಾ, ತಿಂಗಳಿಗೊಬ್ಬರು ವೈದ್ಯರು, ಬಾಳೆಹಣ್ಣು, ಒಣದ್ರಾಕ್ಷಿ, ಹರಳೆಣ್ಣೆ ಎಲ್ಲವೂ ಆಗಿರುತ್ತದೆ. ಹೊಟ್ಟೆಯ ಎಕ್ಸ್‌ರೇ ಕೂಡ ಆಗಿರುತ್ತದೆ. ಅದರಲ್ಲಿ ದೊಡ್ಡ ಕರುಳಿನ ತುಂಬ ಮಲ ಕಾಣುತ್ತದೆ, ನೋಡಿದವರ ಕಣ್ಣೆಲ್ಲ ಅಲ್ಲೇ ನಿಲ್ಲುತ್ತದೆ. ಮಲದ ನೆರಳು, ಗಾಳಿಯ ನೆರಳು ಎರಡೂ ತ್ರಿಕಾಸ್ಥಿಯ ಮೇಲೆಯೇ ಬಿದ್ದಿರುತ್ತವೆ. ಹಟ ಹಿಡಿದು ಆ ನೆರಳಿನ ಹಿಂದಿನ ಮೂಳೆಯನ್ನು ಒಂದೊಂದಾಗಿ ಎಣಿಸಬೇಕು. ಮೊದಲ ಕಶೇರು ಪೂರ್ತಿ ಇದೆ. ಎರಡನೆಯದರಿಂದ ಕೆಳಗೆ ಒಂದೇ ಪಕ್ಕ ಉಳಿದಿದೆ, ಇನ್ನೊಂದು ಪಕ್ಕ ಕೊರೆದು ತೆಗೆದಂತಿದೆ. ಉಳಿದ ಮೂಳೆ ನಯವಾಗಿ ಬಾಗಿ ನಮ್ಮ ಕುಡುಗೋಲಿನ ಆಕಾರದಲ್ಲಿ ಕಾಣುತ್ತದೆ. ಆ ಆಕಾರ ಕಂಡ ಕೂಡಲೇ ಬಹುಮಟ್ಟಿಗೆ ರೋಗದ ಹೆಸರು ಹೇಳಬಹುದು. ಒಂದು ಸಾಮಾನ್ಯ ಎಕ್ಸ್‌ರೇ ಸಾಕು, ಯಾವ ತಾಲ್ಲೂಕು ಆಸ್ಪತ್ರೆಯಲ್ಲೂ ತೆಗೆಯಬಹುದಾದದ್ದು. ನನ್ನ ಜೊತೆಗಾರ ವೈದ್ಯರಲ್ಲಿ ನನ್ನ ವಿನಂತಿ ಇಷ್ಟೇ: ಹುಟ್ಟಿನಿಂದ ಬಂದ ಮಲಬದ್ಧತೆಯ ಮಗುವಿನ ಎಕ್ಸ್‌ರೇ ಕೈಗೆ ಬಂದಾಗ ತ್ರಿಕಾಸ್ಥಿಯನ್ನು ಎಣಿಸದೆ ಲಕೋಟೆಗೆ ಹಾಕಬೇಡಿ.

ಎಕ್ಸ್‌ರೇಯಲ್ಲಿ ಅನುಮಾನ ಬಂದ ಮೇಲೆ ಎಂಆರ್‌ಐ ಆಗಲೇಬೇಕು. ಮೂಳೆಯ ಮುಂದಿರುವ ಆ ಗಡ್ಡೆ ಏನೆಂದು ಕೈಯಿಂದ ಮುಟ್ಟಿ ಹೇಳಲಾಗದು. ಅದು ಕೊಬ್ಬು, ಕೂದಲು, ಮೂಳೆಯ ಚೂರುಗಳಿರುವ ಟೆರಟೋಮಾ ಎಂಬ ಗಡ್ಡೆ ಇರಬಹುದು. ಮೂಳೆಯ ಕೊರತೆಯಿರುವ ಕಡೆಯಿಂದ ಬೆನ್ನುಹುರಿಯ ಪೊರೆ ಚೀಲದಂತೆ ಮುಂದಕ್ಕೆ ಚಾಚಿಕೊಂಡು, ಮಿದುಳಿನಿಂದ ಹರಿದುಬಂದ ದ್ರವವೇ ಅದರೊಳಗೆ ತುಂಬಿರಬಹುದು. ಎರಡೂ ಒಟ್ಟಿಗೆ ಇರಬಹುದು. ಅದನ್ನು ಕೀವಿನ ಗಂಟು ಎಂದು ತಿಳಿದು ಮಲಾಶಯದ ಕಡೆಯಿಂದ ಸೂಜಿ ಚುಚ್ಚಿದರೆ ಕರುಳಿನ ರೋಗಾಣು ನೇರವಾಗಿ ಮಿದುಳುಪೊರೆಗೆ ತಲುಪುತ್ತದೆ. ಮಕ್ಕಳು ಸತ್ತದ್ದೂ ಉಂಟು. ಎಂಆರ್‌ಐಯಲ್ಲಿ ಈ ದ್ರವ ಬೆಳ್ಳಗೆ ಹೊಳೆಯುತ್ತದೆ, ಚೀಲದ ಕತ್ತು ಬೆನ್ನಿನ ಕೊಳವೆಗೆ ಸೇರಿಕೊಂಡದ್ದು ಸ್ಪಷ್ಟವಾಗಿ ಕಾಣುತ್ತದೆ, ಕೊಬ್ಬು ಬೇರೆಯಾಗಿ ಗೊತ್ತಾಗುತ್ತದೆ, ಹುರಿ ಕಟ್ಟಿಹಾಕಿಕೊಂಡಿದೆಯೇ ಎಂಬುದೂ ತಿಳಿಯುತ್ತದೆ. ಮಕ್ಕಳ ಶಸ್ತ್ರವೈದ್ಯರು, ನರಶಸ್ತ್ರವೈದ್ಯರು ಇಬ್ಬರೂ ಆ ಚಿತ್ರವನ್ನು ಮುಂದಿಟ್ಟುಕೊಂಡು ಕೂತು, ಯಾರು ಮೊದಲು, ಯಾವ ಕಡೆಯಿಂದ ಎಂದು ತೀರ್ಮಾನಿಸಬೇಕು. ಚಿತ್ರ ನೋಡುವವರೆಗೆ ಸೂಜಿಯೂ ಬೇಡ, ಚಾಕುವೂ ಬೇಡ.

ಗುದದ್ವಾರವಿಲ್ಲದ ಮಕ್ಕಳ ಮಾತಿಗೆ ಬರೋಣ. ಸುಮಾರು ಐದು ಸಾವಿರ ಹೆರಿಗೆಗೆ ಇಂಥ ಒಂದು ಮಗು ಹುಟ್ಟುತ್ತದೆ. ಕರುಳು ಚರ್ಮದಿಂದ ಎಷ್ಟು ದೂರದಲ್ಲಿ ಮುಗಿದಿದೆ ಎಂಬುದು ಶಸ್ತ್ರವೈದ್ಯರ ಮೊದಲ ಪ್ರಶ್ನೆ. 1930ರಲ್ಲಿ ಅಮೆರಿಕದ ವಾಂಗನ್‌ಸ್ಟೀನ್ ಮತ್ತು ರೈಸ್ ಒಂದು ಉಪಾಯ ಹೇಳಿದರು. ಮಗುವನ್ನು ತಲೆಕೆಳಗಾಗಿ ಹಿಡಿದು ಎಕ್ಸ್‌ರೇ ತೆಗೆದರೆ ಕರುಳಿನ ಗಾಳಿ ತುದಿಗೆ ಏರಿ ಅದರ ಮಟ್ಟ ಕಾಣುತ್ತದೆ. ಐವತ್ತು ವರ್ಷ ಜಗತ್ತೆಲ್ಲ ಹಾಗೇ ಮಾಡಿತು. ಹುಟ್ಟಿದ ಮರುದಿನದ ಮಗುವನ್ನು ಕಾಲು ಹಿಡಿದು ನೇತುಹಾಕುವುದನ್ನು ಕಣ್ಣಾರೆ ನೋಡುವ ತಾಯಿಯ ಸಂಕಟ ಊಹಿಸಿಕೊಳ್ಳಿ. ಮಗುವಿಗೆ ವಾಂತಿ, ಉಸಿರಿನ ತೊಂದರೆ ಬೇರೆ. 1983ರಲ್ಲಿ ನಮ್ಮ ಚಂಡೀಗಢದ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯ ಡಾ. ನರಸಿಂಹರಾವ್ ಮತ್ತು ಸಂಗಡಿಗರು ಬೇರೆ ದಾರಿ ತೋರಿಸಿದರು. ಮಗುವನ್ನು ಬೋರಲು ಮಲಗಿಸಿ, ಸೊಂಟದ ಕೆಳಗೆ ಬಟ್ಟೆಯ ಮೆತ್ತೆಯಿಟ್ಟು ಎತ್ತರ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಪಕ್ಕದಿಂದ ಎಕ್ಸ್‌ರೇ ತೆಗೆದರೆ ಅದೇ ಮಾಹಿತಿ ಸಿಗುತ್ತದೆ. ಹೊಸ ಯಂತ್ರ ಬೇಕಿಲ್ಲ, ಹೆಚ್ಚು ಖರ್ಚಿಲ್ಲ. ಭಾರತದ ವೈದ್ಯರು ಕೊಟ್ಟ ಈ ಕ್ರಮ ಇಂದು ಬೇರೆ ದೇಶಗಳಲ್ಲೂ ನಡೆಯುತ್ತಿದೆ. ಹೇಳುವಾಗ ನನಗೆ ಅಭಿಮಾನವೆನಿಸುತ್ತದೆ. ಗಾಳಿ ಕರುಳಿನ ತುದಿ ತಲುಪಲು ಹೊತ್ತು ಬೇಕು, ಆದ್ದರಿಂದ ಹುಟ್ಟಿದ 18ರಿಂದ 24 ಗಂಟೆಗಳ ನಂತರವೇ ಈ ಎಕ್ಸ್‌ರೇ ತೆಗೆಯುವುದು. ವೈದ್ಯರು ತಡ ಮಾಡುತ್ತಿದ್ದಾರೆ ಎಂದು ಆತಂಕಪಡಬೇಡಿ.

ಮುಂದೆ ಮಗು ಮಲವನ್ನು ಹಿಡಿದಿಟ್ಟುಕೊಳ್ಳುತ್ತದೆಯೇ ಎಂದು ತಂದೆತಾಯಿ ಕೇಳುತ್ತಾರೆ. ಅದಕ್ಕೂ ಎಕ್ಸ್‌ರೇ ಸ್ವಲ್ಪಮಟ್ಟಿಗೆ ಉತ್ತರ ಕೊಡುತ್ತದೆ. ಸೊಂಟದ ಮೂಳೆಯ ಮೇಲಂಚಿಗೆ ಒಂದು ಗೆರೆ, ತ್ರಿಕಾಸ್ಥಿ ಸೊಂಟದ ಮೂಳೆಗೆ ಸೇರುವ ಕೀಲಿನ ಕೆಳತುದಿಗೆ ಒಂದು ಗೆರೆ, ಬಾಲದ ಮೂಳೆಯ ತುದಿಗೆ ಮೂರನೆಯ ಗೆರೆ ಎಳೆಯುತ್ತೇವೆ. ಕೆಳಗಿನ ಅಂತರವನ್ನು ಮೇಲಿನ ಅಂತರದಿಂದ ಭಾಗಿಸಿದರೆ ಸಾಮಾನ್ಯವಾಗಿ 0.7ಕ್ಕಿಂತ ಸ್ವಲ್ಪ ಹೆಚ್ಚು ಬರಬೇಕು. 0.4ಕ್ಕಿಂತ ಕಡಿಮೆಯಾದರೆ ಮೂಳೆಯ ಜೊತೆ ನರಗಳೂ ಕಡಿಮೆ ಎಂದರ್ಥ, ಹಿಡಿತ ಕಷ್ಟ. ಅಂಥ ಮಕ್ಕಳಿಗೂ ದಿನಕ್ಕೊಮ್ಮೆ ಕ್ರಮವಾಗಿ ಕರುಳು ತೊಳೆಯುವ ವಿಧಾನದಿಂದ ಬಟ್ಟೆ ಕೊಳೆಯಾಗದೆ ಶಾಲೆಗೆ ಹೋಗುವಂತೆ ಮಾಡಬಹುದು. ಮೊದಲೇ ಗೊತ್ತಿದ್ದರೆ ಮನೆಯವರು ಅದಕ್ಕೆ ಸಿದ್ಧರಾಗುತ್ತಾರೆ.

ಇನ್ನು ಕೆಲವು ಮಕ್ಕಳಲ್ಲಿ ಬೆನ್ನುಮೂಳೆಯ ಕೆಳಭಾಗವೇ ಬೆಳೆದಿರುವುದಿಲ್ಲ. ಫ್ರಾನ್ಸಿನ ಶಸ್ತ್ರವೈದ್ಯ ಡುಹಾಮೆಲ್ 1961ರಲ್ಲಿ ಇದಕ್ಕೆ ಹೆಸರಿಟ್ಟರು. ಒಂದು ಲಕ್ಷ ಹೆರಿಗೆಗೆ ಒಂದೋ ಎರಡೋ ಮಾತ್ರ. ಆದರೆ ಇಂಥ ಮಕ್ಕಳಲ್ಲಿ ಸುಮಾರು ಐವರಲ್ಲಿ ಒಬ್ಬರ ತಾಯಿಗೆ ಮೊದಲಿನಿಂದಲೇ ಸಕ್ಕರೆ ಕಾಯಿಲೆ ಇರುತ್ತದೆ. ಸಕ್ಕರೆ ಕಾಯಿಲೆಯ ಬಹುಪಾಲು ತಾಯಂದಿರಿಗೆ ಆರೋಗ್ಯವಂತ ಮಕ್ಕಳೇ ಹುಟ್ಟುತ್ತವೆ, ಅದನ್ನೂ ಮನಸ್ಸಿನಲ್ಲಿಡಿ. ಬೆನ್ನುಹುರಿಯ ಕೊಳವೆ ಮುಚ್ಚಿಕೊಳ್ಳುವುದು ಗರ್ಭ ಕಟ್ಟಿದ ನಾಲ್ಕು ವಾರದೊಳಗೆ. ಎಷ್ಟೋ ಹೆಂಗಸರಿಗೆ ಮುಟ್ಟು ನಿಂತದ್ದು ಆಗಷ್ಟೇ ಗಮನಕ್ಕೆ ಬಂದಿರುತ್ತದೆ. ಆದ್ದರಿಂದ ಸಕ್ಕರೆ ಕಾಯಿಲೆ ಇರುವ ಹೆಣ್ಣುಮಕ್ಕಳು ಮಗು ಬೇಕೆಂದು ಯೋಚಿಸುವಾಗಲೇ ಸಕ್ಕರೆಯನ್ನು ಹತೋಟಿಗೆ ತಂದುಕೊಳ್ಳಬೇಕು. ಫೋಲಿಕ್ ಆಮ್ಲದ ಮಾತ್ರೆಯನ್ನೂ ಬಸಿರಿಗೆ ಕನಿಷ್ಠ ಒಂದು ತಿಂಗಳು ಮೊದಲೇ ಶುರುಮಾಡಬೇಕು. ಬೆನ್ನುಹುರಿಯ ಕೊಳವೆ ತೆರೆದುಕೊಂಡ ಮಗುವನ್ನು ಹಿಂದೆ ಹೆತ್ತ ತಾಯಂದಿರು ಈ ಮಾತ್ರೆ ತೆಗೆದುಕೊಂಡಾಗ ಆ ದೋಷ ಮರುಕಳಿಸುವುದು ಶೇಕಡಾ 72ರಷ್ಟು ಕಡಿಮೆಯಾಯಿತೆಂದು 1991ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ತೋರಿಸಿತು. ಎಷ್ಟು ಪ್ರಮಾಣ ಎಂಬುದನ್ನು ನಿಮ್ಮ ವೈದ್ಯರು ಹೇಳುತ್ತಾರೆ.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಇಂಥ ಮಗು ಹುಟ್ಟಿದ ಮನೆಯಲ್ಲಿ, ಗ್ರಹಣದ ದಿನ ಹೊರಗೆ ಬಂದೆ, ಅವತ್ತು ಈಳಿಗೆ ಮುಟ್ಟಿದೆ ಎಂದು ಬಾಣಂತಿಯನ್ನು ದೂರುವುದು ಇನ್ನೂ ನಿಂತಿಲ್ಲ. ಗ್ರಹಣಕ್ಕೂ ಈ ದೋಷಕ್ಕೂ ಯಾವ ಸಂಬಂಧವೂ ಇಲ್ಲ. ನೊಂದ ತಾಯಿಯನ್ನು ಮತ್ತೆ ನೋಯಿಸಬೇಡಿ. ಆಕೆ ಮಗುವನ್ನು ಎತ್ತಿಕೊಂಡು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯಬೇಕಾಗಿದೆ. ಅವಳ ಜೊತೆ ನಡೆಯುವವರು ಬೇಕು.

ಪರೀಕ್ಷೆಗಳ ಬಗ್ಗೆ ಜನರಲ್ಲಿರುವ ಭಯದ ವಿಷಯ. "ಡಾಕ್ಟ್ರೇ, ಇಷ್ಟು ಚಿಕ್ಕ ಕೂಸಿಗೆ ಎಕ್ಸ್‌ರೇ ತೆಗೆದ್ರೆ ಏನೂ ಆಗಲ್ವಾ?" ಎಂದು ಕೇಳದ ಅಜ್ಜಿಯಿಲ್ಲ. ಕೇಳುವುದು ಸರಿಯೇ. ಒಂದು ಎಕ್ಸ್‌ರೇಯ ವಿಕಿರಣ ಬಹಳ ಕಡಿಮೆ, ಸಿಟಿ ಸ್ಕ್ಯಾನ್‌ನದು ಅದಕ್ಕಿಂತ ಎಷ್ಟೋ ಹೆಚ್ಚು. ಅಲ್ಟ್ರಾಸೌಂಡ್, ಎಂಆರ್‌ಐಗಳಲ್ಲಿ ಆ ವಿಕಿರಣವೇ ಇಲ್ಲ. ಬೆನ್ನುಹುರಿ ನೋಡಲು ಸಿಟಿ ಮೊದಲ ಆಯ್ಕೆಯಲ್ಲ. ಯಾರಾದರೂ ಬರೆದುಕೊಟ್ಟರೆ, ಎಂಆರ್‌ಐ ಆಗುವುದಿಲ್ಲವೇ ಎಂದು ವಿನಯದಿಂದ ಕೇಳಿ, ಕೇಳುವ ಹಕ್ಕು ನಿಮಗಿದೆ. ಎಂಆರ್‌ಐ ಯಂತ್ರದ ಸದ್ದು ಜೋರು, ಅಲುಗಾಡದೆ ಮಲಗಬೇಕು, ಆದ್ದರಿಂದ ದೊಡ್ಡ ಮಕ್ಕಳಿಗೆ ಮಂಪರು ಬರಿಸಬೇಕಾಗಬಹುದು. ಮೊದಲ ಕೆಲವು ತಿಂಗಳ ಕೂಸಿಗೆ ಬೇರೆ ಉಪಾಯವಿದೆ. ಸ್ಕ್ಯಾನ್‌ಗೆ ಮುಂಚೆ ಹಾಲು ಕೊಡದೆ ಹಸಿವು ಮಾಡಿ, ಸರಿಯಾಗಿ ಆ ಹೊತ್ತಿಗೆ ಹೊಟ್ಟೆ ತುಂಬ ಕುಡಿಸಿ, ಕಿವಿಗೆ ಮೆತ್ತೆ ಹಾಕಿ, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ದೀಪ ತಗ್ಗಿಸಿದರೆ ಕೂಸು ತಾನಾಗಿ ನಿದ್ದೆ ಹೋಗುತ್ತದೆ. ಮಗುವನ್ನು ಬೆಚ್ಚಗೆ ಸುತ್ತಿ ಮಲಗಿಸುವುದು ನಮ್ಮ ತಾಯಂದಿರಿಗೆ ಯಾರೂ ಕಲಿಸಬೇಕಿಲ್ಲ. ಹೋಗುವ ಮುನ್ನ ಉಡಿದಾರದ ಬೆಳ್ಳಿ, ಕಾಲ್ಗೆಜ್ಜೆ, ತಾಯತ, ಪಿನ್ನು ಎಲ್ಲ ಬಿಚ್ಚಿಡಿ.

ಇಂಥ ದೋಷ ಬೇಗ ಪತ್ತೆಯಾಗಲು ಸರ್ಕಾರದ ವ್ಯವಸ್ಥೆಯೂ ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿದ ಮಕ್ಕಳನ್ನು ತಲೆಯಿಂದ ಪಾದದವರೆಗೆ ನೋಡಿ ಜನ್ಮದೋಷ ಗುರುತಿಸಬೇಕೆಂದಿದೆ. ಬೆನ್ನುಹುರಿಯ ದೋಷ ಆ ಪಟ್ಟಿಯಲ್ಲೇ ಇದೆ. ಮನೆಗೆ ಬರುವ ಆಶಾ ಕಾರ್ಯಕರ್ತೆಗೆ ಮಗುವನ್ನು ಮಗ್ಗುಲು ಹೊರಳಿಸಿ ಬೆನ್ನನ್ನೂ ತೋರಿಸಿ. ಅನುಮಾನವಿದ್ದರೆ ಜಿಲ್ಲಾ ಆಸ್ಪತ್ರೆಗೆ ಕಳಿಸುವ ವ್ಯವಸ್ಥೆ ಅವರ ಮೂಲಕವೇ ಆಗುತ್ತದೆ.

ಕುರಾರೀನೋ ದೋಷ ವಂಶದಲ್ಲಿ ಬರುವುದರಿಂದ, ಮಗುವಿನಲ್ಲಿ ಅದು ಗೊತ್ತಾದರೆ ತಂದೆ, ತಾಯಿ, ಅಣ್ಣ ತಮ್ಮ, ಅಕ್ಕ ತಂಗಿಯರೂ ಸೊಂಟದ ಒಂದು ಎಕ್ಸ್‌ರೇ ತೆಗೆಸಿಕೊಳ್ಳುವುದು ಒಳ್ಳೆಯದು. ಹೆಂಗಸರು ಬಸಿರಿಲ್ಲವೆಂದು ಖಾತ್ರಿಪಡಿಸಿಕೊಂಡ ಮೇಲೆ. ವರ್ಷಗಳಿಂದ ಸುಮ್ಮನೆ ಮಲಬದ್ಧತೆ ಎಂದುಕೊಂಡಿದ್ದ ತಾಯಿಯಲ್ಲೂ ಅದೇ ದೋಷ ಪತ್ತೆಯಾಗಬಹುದು.

ಕೊನೆಯದಾಗಿ, ಮಗುವಿನ ಸ್ಕ್ಯಾನ್ ಫಿಲ್ಮುಗಳನ್ನು, ಸಿ.ಡಿ.ಯನ್ನು, ವರದಿಯನ್ನು ಜೋಪಾನ ಮಾಡಿ. ಶಸ್ತ್ರಚಿಕಿತ್ಸೆ ಆಯಿತು, ಮಗು ಗುಣವಾಯಿತು ಎಂದು ಅಟ್ಟಕ್ಕೆ ಹಾಕಬೇಡಿ. ಮಗು ಬೆಳೆಯುವಾಗ ಹುರಿ ಮತ್ತೆ ಕಟ್ಟಿಕೊಳ್ಳಬಹುದು, ಆಗ ಹಳೆಯ ಚಿತ್ರದ ಪಕ್ಕದಲ್ಲಿ ಹೊಸದನ್ನಿಟ್ಟು ನೋಡಬೇಕಾಗುತ್ತದೆ. ಹೆಣ್ಣುಮಗುವಾದರೆ ಮುಂದೊಂದು ದಿನ ಹೆರಿಗೆಗೆ ಹೋದಾಗ, ಬೆನ್ನಿಗೆ ಅರಿವಳಿಕೆ ಸೂಜಿ ಕೊಡುವ ವೈದ್ಯರಿಗೆ ತನ್ನ ಬೆನ್ನುಹುರಿ ಎಲ್ಲಿ ಮುಗಿಯುತ್ತದೆಂದು ಆಕೆ ಹೇಳಬೇಕು. ಗೊತ್ತಿಲ್ಲದೆ ಚುಚ್ಚಿದರೆ ಸೂಜಿ ಹುರಿಗೇ ತಾಗೀತು. ಆದ್ದರಿಂದ ಮಗನಾಗಲಿ ಮಗಳಾಗಲಿ, ತಿಳಿವಳಿಕೆ ಬಂದ ವಯಸ್ಸಿಗೆ ಕೂರಿಸಿಕೊಂಡು, ನಿನ್ನ ಬೆನ್ನು ಹೀಗಿದೆ, ಇದು ನಿನ್ನ ಚಿತ್ರ, ಎಲ್ಲಿಗೆ ಹೋದರೂ ವೈದ್ಯರಿಗೆ ಮೊದಲು ಇದನ್ನು ತೋರಿಸು ಎಂದು ನಾಚಿಕೆಯಿಲ್ಲದೆ ಹೇಳಿಕೊಡಿ. ಮುಚ್ಚಿಟ್ಟರೆ ಅಪಾಯ ಅವರಿಗೇ.